ಮೂರನೇ ಸಾಲಿನ ದುಂಡು ಕನ್ನಡಕ

"ಓದಮ್ಮ, ಯಾಕೆ ಬಾಯೇ ಬಿಡ್ತಾ ಇಲ್ಲ?"

ಸೈನ್ಸ್ ಮಿಸ್ ಬೋರ್ಡಿನ ಮೇಲೆ ಸ್ಕೇಲ್ ಇಟ್ಟು ಕಾಯುತ್ತಿದ್ದರು. ಎದ್ದು ನಿಂತ ಗುಬ್ಬಿಗೆ ಬೋರ್ಡೇನೋ ಕಾಣುತ್ತಿತ್ತು. ಅಕ್ಷರಗಳು ಮಾತ್ರ ಯಾರೋ ಒದ್ದೆ ಬಟ್ಟೆಯಲ್ಲಿ ಅರ್ಧ ಒರೆಸಿದ ಹಾಗೆ ಕಲಸಿಹೋಗಿದ್ದವು.

"ತಲೆ ನೋಯ್ತಿದೆ ಮಿಸ್."

"ಪಾಪ, ಕ್ವಿಜ್‌ಗೆ ಅಂತ ರಾತ್ರಿಯೆಲ್ಲ ಓದಿರ್ತಾಳೆ. ಕೂತ್ಕೋ. ಹತ್ತೂವರೆಗೆ ಬಿ ಸೆಕ್ಷನ್‌ನವ್ರ ಎದುರು ನಮ್ಮ ಮಾನ ಕಾಪಾಡೋಳು ನೀನೇ."

ಗುಬ್ಬಿ ಕೂತಳು. ಮೂಗಿನ ಮೇಲಿಂದ ಜಾರುತ್ತಿದ್ದ ಕನ್ನಡಕವನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಹಾಗೆ ತಳ್ಳಿದಾಗಲೆಲ್ಲ ಕ್ಲಾಸಿನವರಿಗೆ ಅವಳು ಏನೋ ದೊಡ್ಡದನ್ನು ಯೋಚಿಸುತ್ತಿದ್ದಾಳೆ ಅನ್ನಿಸುತ್ತಿತ್ತು. ನಿಜ ಏನೆಂದರೆ, ಆ ಫ್ರೇಮ್ ಅವಳಿಗೆ ಕೊಂಚ ದೊಡ್ಡದು.

ಇನ್ನೂ ದೊಡ್ಡ ನಿಜ ಒಂದಿತ್ತು. ಗುಬ್ಬಿಯ ಕಣ್ಣು ಚೆನ್ನಾಗಿಯೇ ಇತ್ತು.

ಅವಳ ಅಪ್ಪನದು ಕನ್ನಡಕದ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹೊಸ ಫ್ರೇಮುಗಳು ಬರುವಾಗ ಅವುಗಳಲ್ಲಿ ತೋರಿಕೆಗೆ ಅಂತ ಸಾದಾ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಅದಕ್ಕೆ ಪವರೂ ಇಲ್ಲ, ಪಾಡೂ ಇಲ್ಲ. ಹೊಸ ಸ್ಕೂಲಿಗೆ ಸೇರಿದ ಮೊದಲ ದಿನ ಸ್ಟ್ಯಾಂಡಿನ ಮೂರನೇ ಸಾಲಿನಲ್ಲಿದ್ದ ದುಂಡು ಫ್ರೇಮನ್ನು ತಮಾಷೆಗೆ ಹಾಕಿಕೊಂಡ ಗುಬ್ಬಿ, ತೆಗೆಯುವುದನ್ನು ಮರೆತು ಹಾಗೇ ಬಂದುಬಿಟ್ಟಿದ್ದಳು.

"ಕನ್ನಡಕದ ಹುಡುಗಿ, ಬಾ ಮುಂದೆ! ಮುಖ ನೋಡಿದ್ರೇನೇ ಗೊತ್ತಾಗುತ್ತೆ, ಜಾಣೆ ಅಂತ," ಎಂದಿದ್ದರು ಮಿಸ್.

ಹಳೆ ಸ್ಕೂಲಿನಲ್ಲಿ ಗುಬ್ಬಿ ಕೊನೆ ಬೆಂಚು. ಅವಳನ್ನು ಜಾಣೆ ಅಂದವರು ಒಬ್ಬರೂ ಇರಲಿಲ್ಲ. ಆ ಮಾತು ಎಷ್ಟು ಹಿತವಾಗಿತ್ತು ಅಂದರೆ, ಅವಳಿಗೆ ಕನ್ನಡಕ ತೆಗೆಯುವ ಮನಸ್ಸೇ ಬರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಫ್ರೇಮನ್ನು ಎತ್ತಿ ಬ್ಯಾಗಿಗೆ ಹಾಕುವುದು, ಸ್ಕೂಲ್ ಗೇಟಿನಲ್ಲಿ ಮೂಗಿಗೇರಿಸುವುದು, ಸಂಜೆ ಸದ್ದಿಲ್ಲದೆ ಸ್ಟ್ಯಾಂಡಿಗೆ ಸೇರಿಸುವುದು. ಮಿಸ್ ಪ್ರಶ್ನೆ ಕೇಳುವುದೂ ಅವಳನ್ನೇ. ಉತ್ತರ ಬರದೆ ಹೋದರೆ ಗುಟ್ಟು ರಟ್ಟಾದೀತೆಂಬ ಭಯಕ್ಕೆ ಓದಲೇಬೇಕಾಯಿತು. ಈಗ ಅವಳು ಕ್ವಿಜ್ ಟೀಮಿನ ಕ್ಯಾಪ್ಟನ್!

"ಏಯ್," ಪಕ್ಕದಲ್ಲಿದ್ದ ಪ್ರೊಫೆಸರ್ ಪಿಸುಗುಟ್ಟಿದ. ಬಾಟಲಿ ತಳದಂಥ ದಪ್ಪ ಗಾಜಿನ ಕನ್ನಡಕದ ಹುಡುಗ. ಗಣಿತದಲ್ಲಿ ಹತ್ತಕ್ಕೆ ಮೂರು ದಾಟಿದವನಲ್ಲ. ಆದರೂ ಎಲ್ಲರೂ ಅವನನ್ನು ಪ್ರೊಫೆಸರ್ ಅಂತಲೇ ಕರೆಯುತ್ತಿದ್ದರು, ಕ್ವಿಜ್ ಟೀಮಿಗೂ ಸೇರಿಸಿಬಿಟ್ಟಿದ್ದರು. "ಇವತ್ತು ನಿಜವಾದ ಗಾಜು ಹಾಕ್ಕೊಂಡ್ ಬಂದಿದ್ದೀಯ."

ಗುಬ್ಬಿ ಥಟ್ಟನೆ ಅವನತ್ತ ತಿರುಗಿದಳು. "ಅಂದ್ರೆ?"

"ನಿನ್ನ ಕಣ್ಣು ಗೋಲಿ ಥರ ದೊಡ್ಡದಾಗಿ ಕಾಣ್ತಿದೆ. ನಮ್ಮಜ್ಜಿ ಕನ್ನಡಕದಲ್ಲೂ ಹೀಗೇ. ದಿನಾ ಹಾಕ್ಕೊಂಡ್ ಬರ್ತೀಯಲ್ಲ, ಅದು ಡುಪ್ಲಿಕೇಟು."

"ನಿಂಗೆ... ಗೊತ್ತಿತ್ತಾ?"

"ಮೊದಲ್ನೇ ದಿನದಿಂದ್ಲೂ."

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಕ್ಲಾಸಲ್ಲಿ ಇನ್ನೊಂದು ಕನ್ನಡಕ ಇದ್ರೆ ಮಿಸ್ ನನ್ನೊಬ್ಬನ್ನೇ ಕೇಳಲ್ಲ ಅಲ್ವಾ?" ಎಂದು ಅವನು ನಿಟ್ಟುಸಿರು ಬಿಟ್ಟ. "ಎಷ್ಟು ನೆಮ್ಮದಿಯಾಗಿದ್ದೆ ಗೊತ್ತಾ!"

ಗುಬ್ಬಿಗೆ ನಗು ಬರಲಿಲ್ಲ. ಬೆಳಿಗ್ಗೆ ಸ್ಟ್ಯಾಂಡಿನ ಮೂರನೇ ಸಾಲು ಖಾಲಿ ಇದ್ದದ್ದು ಅವಳಿಗೆ ನೆನಪಾಯಿತು. ದುಂಡು ಫ್ರೇಮ್ ಅಪ್ಪನ ಮೇಜಿನ ಮೇಲೆ ನೀಲಿ ಟ್ರೇಯಲ್ಲಿತ್ತು. ಒರೆಸಿಟ್ಟಿರಬೇಕು ಎಂದುಕೊಂಡು ಅವಸರದಲ್ಲಿ ಎತ್ತಿಕೊಂಡಿದ್ದಳು. ಟ್ರೇಯಲ್ಲಿ ಒಂದು ಚೀಟಿಯೂ ಇತ್ತು. ಓದಿರಲಿಲ್ಲ.

ಚೀಟಿ ಇರುವ ಟ್ರೇ ಅಂದರೆ ಗಿರಾಕಿಯ ಕನ್ನಡಕ. ಆ ಫ್ರೇಮ್ ಮಾರಾಟವಾಗಿತ್ತು. ನಿನ್ನೆ ಭಾನುವಾರ ಅಪ್ಪ ಅದಕ್ಕೆ ಗಾಜು ಕೂರಿಸಿದ್ದಾರೆ. ಯಾರಿಗೆ?

ಶನಿವಾರ ಸಂಜೆ ಅಂಗಡಿಗೆ ಬಂದಿದ್ದ ಹೊಲಿಗೆಯ ಅತ್ತೆ! ಆಗ ಗುಬ್ಬಿ ಬಾಗಿಲ ಮರೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದಳು. ಅತ್ತೆಯ ಮಾತು ಕಿವಿಗೆ ಬಿದ್ದಿತ್ತು.

"ಯೂನಿಫಾರಂ ಹೊಲಿಯೋ ಕಡೆ ಕೆಲಸ ಖಾಲಿ ಇದೆ ಅಣ್ಣ. ಹೋದ ವಾರ ಟೆಸ್ಟ್‌ಗೆ ಹೋದ್ರೆ ಸೂಜಿಗೆ ದಾರ ಪೋಣಿಸೋಕೇ ಆಗ್ಲಿಲ್ಲ. ಸೋಮವಾರ ಹನ್ನೊಂದಕ್ಕೆ ಕನ್ನಡಕ ಹಾಕ್ಕೊಂಡು ಬನ್ನಿ, ಇದೇ ಕೊನೇ ಚಾನ್ಸು ಅಂದಿದ್ದಾರೆ. ಮುದುಕಿ ಥರ ಕಾಣದೇ ಇರೋ ಫ್ರೇಮ್ ಕೊಡಿ."

ಇವತ್ತು ಸೋಮವಾರ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆಯಾಗಿದ್ದಂತಿತ್ತು. ಕನ್ನಡಕದ ಮೇಲಿಂದ ಇಣುಕಿ ನೋಡಿದಳು. ಹತ್ತಲ್ಲ, ಹತ್ತೂ ಹತ್ತು.

ಅಂಗಡಿ ಎರಡೇ ಬೀದಿ ಆಚೆ. ಆದರೆ ಹೋಗಬೇಕಾದರೆ ಮಿಸ್‌ಗೆ ಹೇಳಬೇಕು. ಹೇಳಿದರೆ ಎಲ್ಲರ ಮುಂದೆ ಮರ್ಯಾದೆ ಹೋಗುತ್ತದೆ. ಕ್ವಿಜ್ ಮುಗಿಸಿ ಓಡಿದರೆ? ಅಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಗಿತ್ತು ಗುಬ್ಬಿಯ ಸ್ಥಿತಿ. ಗಡಿಯಾರದ ಮುಳ್ಳು ಮಾತ್ರ ಯಾರಿಗೂ ಕಾಯಲಿಲ್ಲ.

ಅವಳು ಎದ್ದು ನಿಂತಳು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಮಿಸ್, ಇದು ನಂದಲ್ಲ. ನಂಗೆ ಕನ್ನಡಕ ಬೇಡ್ವೇ ಬೇಡ. ಸುಮ್ನೆ ಹಾಕ್ಕೋತಿದ್ದೆ. ಇದು ಬೇರೆಯವ್ರದ್ದು, ಅವ್ರಿಗೆ ಈಗ್ಲೇ ಬೇಕು."

ಹಿಂದಿನ ಬೆಂಚಿನಿಂದ ನಗು ಶುರುವಾಗಿ ಮುಂದಿನ ಬೆಂಚಿನ ತನಕ ಬಂತು. ಗುಬ್ಬಿಯ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಿಸ್ ಮಾತ್ರ ನಗಲಿಲ್ಲ. ಅವರ ಮುಖ ಯಾಕೋ ಕೆಂಪಾಗಿತ್ತು.

"ಆಯಮ್ಮನ ಜೊತೆ ಹೋಗಿ ಕೊಟ್ಟು ಬಾ. ಬೇಗ," ಎಂದಷ್ಟೇ ಹೇಳಿದರು.

ದಾರಿಯುದ್ದಕ್ಕೂ ಗುಬ್ಬಿ ಓಡಿದಳು. ಆಯಮ್ಮ "ನಿಧಾನಕ್ಕೆ ಹೋಗೇ ಮಾರಾಯ್ತಿ, ನಂಗೆ ಮಂಡಿನೋವು!" ಎಂದು ಹಿಂದಿನಿಂದ ಕೂಗುತ್ತಲೇ ಇದ್ದರು.

ಅಂಗಡಿಯಲ್ಲಿ ಅಪ್ಪ ನೆಲದ ಮೇಲೆ ಮಂಡಿಯೂರಿ ಮೇಜಿನ ಅಡಿಗೆ ಟಾರ್ಚ್ ಬಿಟ್ಟು ಹುಡುಕುತ್ತಿದ್ದರು. ಡ್ರಾಯರುಗಳೆಲ್ಲ ಬಾಯಿ ತೆರೆದಿದ್ದವು. ಹೊಲಿಗೆಯ ಅತ್ತೆ ಸ್ಟೂಲಿನ ತುದಿಯಲ್ಲಿ ಕೂತು, ಬ್ಯಾಗನ್ನು ತಬ್ಬಿ ಹಿಡಿದುಕೊಂಡು ಗಡಿಯಾರವನ್ನೇ ನೋಡುತ್ತಿದ್ದರು.

"ತಪ್ಪು ನಂದೇ ತಾಯಿ," ಅಪ್ಪ ಹೇಳುತ್ತಿದ್ದರು. "ಇಷ್ಟು ವರ್ಷದಲ್ಲಿ ಒಂದು ಸ್ಕ್ರೂ ಕಳ್ದಿಲ್ಲ ನಾನು. ವಯಸ್ಸಾಯ್ತು ಅನ್ಸುತ್ತೆ, ಇಟ್ಟ ಜಾಗ ಮರೀತಿದ್ದೀನಿ."

ಕ್ಲಾಸಿನವರೆಲ್ಲ ನಕ್ಕಾಗ ಬಾರದ ಅಳು ಗುಬ್ಬಿಗೆ ಈಗ ಬಂತು.

"ಅಪ್ಪಾ, ನೀನು ಮರ್ತಿಲ್ಲ. ನಾನು ತಗೊಂಡ್ ಹೋಗಿದ್ದೆ."

ಅಪ್ಪ ಎದ್ದರು. ಅವಳನ್ನು ನೋಡಿದರು, ಕನ್ನಡಕವನ್ನು ನೋಡಿದರು. ಬೈಯಲಿಲ್ಲ. ಕನ್ನಡಕ ಇಸಿದುಕೊಂಡು, ಗಾಜಿನ ಮೇಲಿದ್ದ ಅವಳ ಬೆರಳಚ್ಚನ್ನು ಮೆತ್ತನೆಯ ಬಟ್ಟೆಯಿಂದ ಒರೆಸತೊಡಗಿದರು.

"ಸಂಜೆ ಮಾತಾಡೋಣ," ಎಂದರು ಅಪ್ಪ.

ಅತ್ತೆ ಕನ್ನಡಕ ಹಾಕಿಕೊಂಡರು. ಬ್ಯಾಗಿನಿಂದ ಸೂಜಿ, ದಾರ ತೆಗೆದರು. ದಾರದ ತುದಿ ಒಂದೇ ಸಲಕ್ಕೆ ಸೂಜಿಯ ಕಣ್ಣಿನೊಳಗೆ ಹೋಯಿತು. ಅತ್ತೆ ಅದನ್ನು ಹೊರಗೆಳೆದು ಇನ್ನೊಮ್ಮೆ ಪೋಣಿಸಿದರು, ಸುಮ್ಮನೆ, ಖುಷಿಗೆ.

ಆಮೇಲೆ ಕನ್ನಡಿಯತ್ತ ತಿರುಗಿದರು. ಖುಷಿ ಸ್ವಲ್ಪ ಇಳಿಯಿತು. "ಹೇಗೆ ಕಾಣ್ತೀನಿ ಪುಟ್ಟಿ? ನಿಜ ಹೇಳು. ಮುದುಕಿ ಥರಾನಾ?"

ಗುಬ್ಬಿ ಕಣ್ಣೊರೆಸಿಕೊಂಡು ನೋಡಿದಳು. ಅದೇ ದುಂಡು ಕನ್ನಡಕ. ಅದರ ಹಿಂದೆ ಅತ್ತೆಯ ಕಣ್ಣು. ಕೈಯಲ್ಲಿ ದಾರ ಪೋಣಿಸಿದ ಸೂಜಿ.

"ಇಲ್ಲ ಅತ್ತೆ, ಹೊಲಿಯೋರ ಥರ ಕಾಣ್ತೀರ."

ಅತ್ತೆ ಜೋರಾಗಿ ನಕ್ಕು, ಅವಳ ಕೆನ್ನೆ ತಟ್ಟಿ, ದಡಬಡನೆ ಮೆಟ್ಟಿಲಿಳಿದು ಹೋದರು. ಆಗ ಗಂಟೆ ಹತ್ತೂವರೆ.

ಗುಬ್ಬಿ ಸ್ಕೂಲಿಗೆ ಮರಳುವಷ್ಟರಲ್ಲಿ ದೊಡ್ಡ ಹಾಲ್‌ನಲ್ಲಿ ಕ್ವಿಜ್ ಅರ್ಧ ಮುಗಿದಿತ್ತು. ಅವಳ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ಗುಬ್ಬಿ ಕೊನೆಯ ಸಾಲಿಗೆ ಹೋಗಿ ಕೂತಳು. ಮುಂದಿನವರಿಬ್ಬರು ತಿರುಗಿ ಕಿಸಕ್ಕೆಂದರು. ಸ್ಟೇಜಿನ ಮೇಲೆ ಪ್ರೊಫೆಸರ್ ಒಬ್ಬನೇ ಕನ್ನಡಕದವನು. ಮುಖ ಹುಳ್ಳಗಾಗಿತ್ತು, ಪಾಪ.

"ಆಕ್ಟೋಪಸ್‌ಗೆ ಎಷ್ಟು ಹೃದಯ ಇರುತ್ತೆ?" ಮಿಸ್ ಕೇಳಿದರು.

ಪ್ರೊಫೆಸರ್ ಒಂದು ಅಂದ. ತಪ್ಪು. ಬಿ ಸೆಕ್ಷನ್‌ನವರು ಎಂಟು ಅಂದರು. ಅದೂ ತಪ್ಪು.

"ಹೋಗ್ಲಿ, ಕೆಳಗಿರೋರಲ್ಲಿ ಯಾರಿಗಾದ್ರೂ ಗೊತ್ತಾ?"

ಮಿಸ್ ಕಣ್ಣು ಹಾಲ್ ತುಂಬ ಸುತ್ತಿತು. ಗುಬ್ಬಿಯ ಸಾಲಿಗೂ ಬಂತು. ಅಲ್ಲಿ ನಿಲ್ಲದೆ ಮುಂದೆ ಹೋಯಿತು.

ಗುಬ್ಬಿಗೆ ಗೊತ್ತಿತ್ತು. ಮೂರು. ಕನ್ನಡಕ ಅತ್ತೆಯ ಜೊತೆ ಹೋಗಿತ್ತು, ಮೂರು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಅಭ್ಯಾಸಬಲದಿಂದ ಅವಳ ಬೆರಳು ಮೂಗಿನ ಮೇಲೆ ಹೋಯಿತು. ಅಲ್ಲಿ ತಳ್ಳುವುದಕ್ಕೆ ಏನೂ ಇರಲಿಲ್ಲ. ಒಂದು ಗಳಿಗೆ ಅಲ್ಲೇ ನಿಂತಿದ್ದ ಆ ಕೈಯನ್ನು ಗುಬ್ಬಿ ನೆಟ್ಟಗೆ ಮೇಲಕ್ಕೆತ್ತಿದಳು.