ಬೂಟು ಹೊರಗೆ ಬಿಡಿ!

ಪಿಸ್ತೂಲಿನ ಮೂತಿ ನನ್ನ ಮೂಗಿಗೆ ತಾಗಿತ್ತು.

ತಣ್ಣಗಿತ್ತು. ಎಣ್ಣೆ ವಾಸನೆ ಬೇರೆ!

"ಅಲ್ಲಾಡಿದ್ರೆ ಸುಟ್ಟುಬಿಡ್ತೀನಿ," ಅಂದ ಚಿನ್ನದ ಹಲ್ಲಿನವನು. ಅವನ ಹಿಂದೆ ಬಾಗಿಲ ತುಂಬಾ ನಿಂತಿದ್ದವನು ಅವನ ಬಂಟ, ಗೂಳಿ. ಇಬ್ಬರೂ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಮೊಣಕಾಲಿನವರೆಗೂ ಕೆಸರು.

ನಾನು ಕೈ ಮೇಲೆತ್ತಿದೆ. ನಾನು ಪತ್ತೇದಾರ. ಇಂಥ ಮೂತಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದು ಸೆಕೆಂಡ್ ಸಿಕ್ಕರೆ ಸಾಕು, ಅವನ ಮಣಿಕಟ್ಟು ತಿರುಚಿ...

"ಬೂಟು!"

ಮೂವರೂ ಬೆಚ್ಚಿಬಿದ್ದೆವು.

ಕೂಗಿದ್ದು ನನ್ನ ಅತ್ತೆ. ಹೆಂಡತಿಯ ತಾಯಿ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಿದ್ದರು.

"ಈಗ ತಾನೇ ನೆಲ ಗುಡಿಸಿದ್ದೀನಿ. ಬೂಟು ಹೊರಗೆ ಬಿಟ್ಟು ಬನ್ನಿ! ಗೋಡೆ ಮೇಲೆ ಬರೆದಿರೋದು ಓದೋಕೆ ಬರಲ್ವಾ?"

ಗೋಡೆಯ ಮೇಲೆ ನಿಯಮಗಳ ಹಲಗೆ ಇತ್ತು. ಬೂಟು ಹೊರಗೆ ಬಿಡಿ. ಉರಿಸಿದಷ್ಟು ಸೌದೆ ಒಡೆದಿಡಿ. ಹೋಗುವಾಗ ಗುಡಿಸಿ ಹೋಗಿ.

"ಏಯ್ ಮುದುಕಿ..." ಅಂತ ಶುರು ಮಾಡಿದ ಚಿನ್ನದ ಹಲ್ಲು.

"ಯಾರಿಗಪ್ಪಾ ಮುದುಕಿ ಅಂದಿದ್ದು?"

ಅಷ್ಟೇ! ನಮ್ಮತ್ತೆ ಹುಡುಗರ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದವರು. ಆ ದನಿಗೆ ಕಲ್ಲೂ ಎದ್ದು ನಿಂತು ಹಾಜರಿ ಹೇಳುತ್ತದೆ. ಗೂಳಿ ಆಗಲೇ ಬಗ್ಗಿ ಲೇಸು ಬಿಚ್ಚತೊಡಗಿದ್ದ.

"ಬಾಸ್, ಹೇಗೂ ನಾಳೆವರೆಗೆ ಇಲ್ಲೇ ಇರ್ಬೇಕಲ್ಲ... ಕಾಲು ಬೇರೆ ಮರಗಟ್ಟಿದೆ..."

ಚಿನ್ನದ ಹಲ್ಲು ಹಲ್ಲು ಕಡಿದ. ಪಿಸ್ತೂಲು ನನ್ನ ಕಡೆಗೇ ಹಿಡಿದುಕೊಂಡು, ಒಂಟಿಕಾಲಿನಲ್ಲಿ ಕುಣಿಯುತ್ತಾ ತಾನೂ ಬೂಟು ಕಳಚಿದ. ನಗು ಬಂತು. ನುಂಗಿಕೊಂಡೆ. ಮೂಗಿನ ಮುಂದೆ ಪಿಸ್ತೂಲಿದ್ದಾಗ ನಗಬಾರದು!

ವಿಷಯ ಏನಂದರೆ, ಕೇಳಿ.

ಅತ್ತೆಯ ಮನೆಯ ಹಿಂದೆ ಒಂದು ಗೋದಾಮು ಇತ್ತು. ಇನ್ಶೂರೆನ್ಸ್ ಆಸೆಗೆ ಅದರ ಮಾಲೀಕನೇ ಬೆಂಕಿ ಹಚ್ಚಿಸಿದ. ಹಚ್ಚಿದವನು ಈ ಚಿನ್ನದ ಹಲ್ಲು. ಸೀಮೆಎಣ್ಣೆ ಕ್ಯಾನ್ ಹಿಡಿದು ಇವನು ಗೋಡೆ ಹಾರಿದ್ದನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಅತ್ತೆ ಕಣ್ಣಾರೆ ನೋಡಿದ್ದರು. ಆದರೆ ಪೊಲೀಸರು ಹಿಡಿದು ಒಳಗೆ ಹಾಕಿದ್ದು ಯಾರನ್ನು? ಪಾಪದ ವಾಚ್‌ಮನ್ನನ್ನು! ಕೋತಿ ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಅತ್ತೆ ಸಾಕ್ಷಿ ಹೇಳಿದರೆ ಅವನು ಬಚಾವ್. ಹೇಳದಿದ್ದರೆ ಜೈಲೇ ಗತಿ.

ಫೋನಿನಲ್ಲಿ ಬೆದರಿಕೆಗಳು ಶುರುವಾದವು. ನನ್ನ ಹೆಂಡತಿ ಅದಕ್ಕಿಂತ ದೊಡ್ಡ ಬೆದರಿಕೆ ಹಾಕಿದಳು.

"ರೀ, ಅಮ್ಮನಿಗೆ ಏನಾದ್ರೂ ಆದ್ರೆ ನೀವು ಮನೆಗೆ ಬರೋದೇ ಬೇಡ!"

ಹಾಗಾಗಿ ಅತ್ತೆಯನ್ನು ಇಲ್ಲಿಗೆ ಕರೆತಂದೆ. ಬೆಟ್ಟದ ನೆತ್ತಿಯ ಮರದ ಕ್ಯಾಬಿನ್. ಅರಣ್ಯ ಇಲಾಖೆಯದು, ಬುಕ್ ಮಾಡಿದರೆ ಯಾರು ಬೇಕಾದರೂ ಉಳಿದುಕೊಳ್ಳಬಹುದು. ಒಂದೇ ಕೋಣೆ. ಎರಡು ಮಂಚ. ಒಂದು ಕಬ್ಬಿಣದ ಒಲೆ. ಕರೆಂಟಿಲ್ಲ, ಫೋನ್ ಸಿಗ್ನಲ್ ಇಲ್ಲ. ಟಾಯ್ಲೆಟ್ಟು ಹಿಂದುಗಡೆ, ಮರಗಳ ನಡುವೆ. ಅಡಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಉಂಟೇ?

ಉಂಟು! ಯಾಕೆಂದರೆ, ಬೇರೆ ಹೆಸರಿನಲ್ಲಿ ಬುಕ್ ಮಾಡಲು ಅತ್ತೆ ಬಿಡಲಿಲ್ಲ.

"ಸುಳ್ಳು ಹೆಸರಾ? ನಾಳೆ ಕೋರ್ಟಲ್ಲಿ ಸತ್ಯ ಹೇಳೋಳು ನಾನು! ಇದೇನಾ ನಿಮ್ಮ ಕಸುಬು, ಅಳಿಯಂದಿರೇ?"

ಕೊಟ್ಟೆ, ನಿಜವಾದ ಹೆಸರನ್ನೇ. ಇಲಾಖೆಯವರು ಅದನ್ನು ಆಫೀಸಿನ ನೋಟೀಸ್ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಿದರು.

ನಿನ್ನೆ ಸಂಜೆ ಇನ್ನೊಂದು ಅವಾಂತರ. ಒಲೆಯ ಹೊಗೆಕೊಳವೆಗೆ ಒಂದು ಹಿಡಿ ಇದೆ. ಅದನ್ನು ಅಡ್ಡ ತಿರುಗಿಸಿದರೆ ಕೊಳವೆ ಮುಚ್ಚಿ, ಹೊಗೆಯೆಲ್ಲ ಕೋಣೆಗೇ ನುಗ್ಗುತ್ತದೆ. ನನಗೇನು ಗೊತ್ತು? ತಿರುಗಿಸಿದೆ. ಇಬ್ಬರೂ ಕೆಮ್ಮುತ್ತಾ ಹೊರಗೋಡಿದೆವು. ಅತ್ತೆ ಮಲಗುವವರೆಗೂ ಬೈದರು.

ಇರಲಿ. ಈಗ ಪಿಸ್ತೂಲಿಗೆ ಬರೋಣ.

ಇಬ್ಬರೂ ಒಲೆಯ ಮುಂದೆ ಕಾಲು ಚಾಚಿ ಕೂತರು. ಒದ್ದೆ ಸಾಕ್ಸುಗಳು ಹಗ್ಗವೇರಿದವು. ಆ ವಾಸನೆ... ಬೇಡ ಬಿಡಿ!

"ನಾಳೆ ಕೋರ್ಟ್ ಮುಗಿಯೋವರೆಗೆ ಇಲ್ಲೇ ಬಿದ್ದಿರಿ. ಮಧ್ಯೆ ಬಾಲ ಬಿಚ್ಚಿದ್ರೆ ಮೊದ್ಲು ಅಳಿಯ, ಆಮೇಲೆ ಅತ್ತೆ! ಏಯ್ ಅಳಿಯ, ಒಲೆಗೆ ಸೌದೆ ಹಾಕು," ಅಂದ ಚಿನ್ನದ ಹಲ್ಲು.

ಹಾಕಿದೆ. ಹಸಿ ಸೌದೆ ಚಟಪಟ ಅಂದಿತು.

ಅತ್ತೆ ಹೆಣಿಗೆ ಮಡಿಚಿಟ್ಟು ಎದ್ದರು.

"ಎಲ್ಲಿಗೆ?"

"ಟಾಯ್ಲೆಟ್ಟಿಗಪ್ಪಾ. ಅದಕ್ಕೂ ಪರ್ಮಿಶನ್ನಾ?"

"ಗೂಳಿ, ಜೊತೆಗೆ ಹೋಗು."

ಗೂಳಿ ಬೆಂಕಿ ನೋಡಿದ. ಮಳೆ ನೋಡಿದ. ತನ್ನ ಬರಿಗಾಲು ನೋಡಿಕೊಂಡ.

"ಬಾಸ್... ಈಗ ತಾನೇ ಬೆಚ್ಚಗಾಗಿದೆ. ನೀವು ಹೋಗ್ತೀರಾ?"

ಚಿನ್ನದ ಹಲ್ಲು ಕೂಡ ಬೆರಳುಗಳನ್ನು ಬೆಂಕಿಗೆ ಇನ್ನಷ್ಟು ಹತ್ತಿರ ಸರಿಸಿದ.

"ಹೋಗಲಿ ಬಿಡು. ಅಳಿಯ ನಮ್ಮ ಕೈಲಿದ್ದಾನೆ. ಈ ಮಳೇಲಿ ಎಲ್ಲಿಗೆ ಹೋಗ್ತಾಳೆ?"

ಬಾಗಿಲ ಬಳಿ ಅತ್ತೆ ತಿರುಗಿ ನಿಂತರು.

"ಅಳಿಯಂದಿರೇ, ನಿನ್ನೆ ಒಲೆಗೆ ಏನು ಮಾಡಿದ್ರಿ ಅಂತ ನೆನಪಿದೆಯಲ್ಲಾ?"

"ನೆನಪಿದೆ ಅತ್ತೆ... ಮರೆಯೋಕೆ ಬಿಟ್ರೆ ತಾನೇ!"

"ಹಾಂ. ನಾನು ಕೆಮ್ಮಿದ ಮೇಲೆ."

ಹೋದರು. ಹೊರಗೆ ಏನೋ ಸರಬರ ಸದ್ದು. ನಾನು ಒಲೆಯ ಪಕ್ಕಕ್ಕೆ ಸರಿದು ನಿಂತೆ. ಅರವತ್ತು ದಾಟಿದ ಹೆಂಗಸು, ಜಾರುವ ಬೆಟ್ಟ, ಕೈಯಲ್ಲಿ ಒಂದು ಕಡ್ಡಿಯೂ ಇಲ್ಲ. ಏನಾದರೂ ಆದರೆ ಹೆಂಡತಿಗೆ ಯಾವ ಮುಖ ತೋರಿಸಲಿ?

"ಖೊಕ್! ಖೊಕ್!"

ಕೆಮ್ಮು!

ಹಿಡಿಯನ್ನು ಅಡ್ಡ ತಿರುಗಿಸಿ, ಒಲೆಯ ಬಾಗಿಲನ್ನು ಒದ್ದು ತೆರೆದೆ. ಭುಸ್ಸ್! ಕಪ್ಪು ಹೊಗೆ ಮುಖಕ್ಕೇ ರಾಚಿತು.

"ಬಾಸ್! ಕಣ್ಣು!"

"ಹಿಡಿಯೋ ಅವನ್ನ!"

ಢಂ! ಗುಂಡು ಸೂರು ಸೇರಿತು. ನಾನು ಬಾಗಿಲು ಸೇರಿದೆ.

ಮೆಟ್ಟಿಲ ಮೇಲೆ ನನ್ನ ಬೂಟುಗಳು ಲೇಸು ಸಡಿಲ ಮಾಡಿಕೊಂಡು ಕಾಯುತ್ತಿದ್ದವು. ಅವರ ಬೂಟುಗಳು? ಅತ್ತೆಯ ಕೊರಳಿನಲ್ಲಿ! ಎರಡೂ ಜೊತೆಯನ್ನು ಲೇಸಿನಿಂದ ಗಂಟು ಹಾಕಿ ಹಾರದ ಹಾಗೆ ಹಾಕಿಕೊಂಡು ನಿಂತಿದ್ದರು.

"ಓಡಿ ಅಳಿಯಂದಿರೇ! ಬಾಯಿ ಬಿಟ್ಕೊಂಡು ನೋಡೋದು ಆಮೇಲೆ!"

ಓಡಿದೆವು. ಕೆಸರು. ಬಂಡೆ. ಬೇರು. ಅತ್ತೆ ಮುಂದೆ, ನಾನು ಹಿಂದೆ!

ಹಿಂದಿನಿಂದ ಅವರೂ ಇಳಿದರು. ಬರಿಗಾಲಿನಲ್ಲಿ. ಆ ದಾರಿಯ ತುಂಬಾ ಚೂಪು ಜಲ್ಲಿ, ಒಣ ಮುಳ್ಳು.

"ಆಯ್! ಅಮ್ಮಾ! ಬಾಸ್, ಮುಳ್ಳು!"

"ನಡಿಯೋ... ಆಯ್ಯಯ್ಯೋ!"

ಢಂ! ಯಾವುದೋ ಮರದ ಕೊಂಬೆ ಬಿತ್ತು. ಗುರಿ ಇಡಬೇಕೆಂದರೆ ಕಾಲು ನೆಲದ ಮೇಲಿರಬೇಕು. ಅವನು ಬಿಸಿ ಕಾವಲಿಯ ಮೇಲೆ ನಿಂತವನ ಹಾಗೆ ಕುಣಿಯುತ್ತಿದ್ದ!

ತಿರುವಿನಲ್ಲಿ ಅತ್ತೆ ಗಕ್ಕನೆ ನಿಂತರು.

"ಏನಾಯ್ತು ಅತ್ತೆ? ಕಾಲು ಉಳುಕಿತಾ?"

"ಸೌದೆ! ಎರಡು ದಿನ ಉರಿಸಿದ್ದೀವಿ, ಒಂದು ತುಂಡೂ ಒಡೆದಿಟ್ಟಿಲ್ಲ!"

"ಅತ್ತೆ, ಹಿಂದೆ ಪಿಸ್ತೂಲಿದೆ!"

ಅವರು ಬೆಟ್ಟದ ಕಡೆ ತಿರುಗಿ, ಹಾಸ್ಟೆಲಿನ ಮೂರು ಮಹಡಿಗೂ ಕೇಳುವಂಥ ದನಿ ತೆಗೆದರು.

"ಏನ್ರಪ್ಪಾ! ಕೊಡಲಿ ಬಾಗಿಲ ಪಕ್ಕ ಇದೆ! ಸೌದೆ ಒಡೆದಿಡಿ! ಗುಡಿಸಿ!"

ನಾವು ಬೆಟ್ಟದ ಬುಡ ತಲುಪಿದಾಗ ಹಿಂದಿದ್ದವರ ಸದ್ದು ಅಡಗಿತ್ತು. ಅವರ ಜೀಪಿನ ನಾಲ್ಕೂ ಟೈರಿನ ಗಾಳಿ ತೆಗೆದು, ನನ್ನ ಕಾರು ಹತ್ತಿ ಹೊರಟೆವು. ದಾರಿಯುದ್ದಕ್ಕೂ ಅತ್ತೆ ಬೂಟುಗಳ ಕೆಸರು ಒರೆಸುತ್ತಾ ಕೂತಿದ್ದರು.

ಮರುದಿನ ಕೋರ್ಟಿನಲ್ಲಿ ಅತ್ತೆ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಎದುರು ಪಕ್ಷದ ವಕೀಲ ದನಿ ಏರಿಸಿದ. "ಜೇಬಿನಿಂದ ಕೈ ತೆಗೆದು ಮಾತಾಡಪ್ಪಾ," ಅಂದರು ಅತ್ತೆ. ತೆಗೆದ! ವಾಚ್‌ಮನ್ ಬಿಡುಗಡೆಯಾಗಿ ಬಂದು ಅತ್ತೆಯ ಕಾಲು ಹಿಡಿದುಕೊಂಡು ಅತ್ತ. ನನಗೂ ಕಣ್ಣು ಮಂಜಾಯಿತು. ಹೊಗೆಯ ಪರಿಣಾಮ ಅಂತ ಹೇಳಿಕೊಂಡೆ.

ಕ್ಯಾಬಿನ್ನಿಗೆ ಹೋದ ಪೊಲೀಸರು ಬಂದು ಹೇಳಿದ್ದು ಇಷ್ಟು: ಇಬ್ಬರೂ ಒಲೆಯ ಮುಂದೆ ಊದಿದ ಕಾಲು ಚಾಚಿ ಕೂತಿದ್ದರು. ಸೂರಿನವರೆಗೆ ಸೌದೆ ಒಡೆದು ಜೋಡಿಸಿಟ್ಟಿತ್ತು. ನೆಲ ಕನ್ನಡಿಯ ಹಾಗಿತ್ತು!

ಕೋರ್ಟಿನ ಮೆಟ್ಟಿಲಿಳಿಯುವಾಗ ಯಾರೋ ಅತ್ತೆಯನ್ನು ಕೇಳಿದರು, ಜೊತೆಯಲ್ಲಿರುವವರು ಯಾರು ಅಂತ. ಇಷ್ಟು ವರ್ಷ ನನ್ನನ್ನು 'ಏನೋ ಬಿಸಿನೆಸ್' ಅಂತ ಪರಿಚಯಿಸುತ್ತಿದ್ದವರು ಅವರು.

"ನಮ್ಮ ಅಳಿಯಂದಿರು. ಪತ್ತೇದಾರರು," ಅಂದರು.

ಹಿಗ್ಗಿ ಹೀರೇಕಾಯಿಯಾದೆ. ಸುಳ್ಳೇಕೆ?

ಆದರೆ ಒಂದು ಪಾಠ ಕಲಿತೆ. ಈ ಕಸುಬಿನಲ್ಲಿ, ಕೈಯಲ್ಲಿ ಪಿಸ್ತೂಲಿದ್ದರೂ ಸರಿ, ಬೂಟು ಮಾತ್ರ ಬಿಚ್ಚಬಾರದು. ಅಂದಿನಿಂದ ಯಾರ ಮನೆಗೆ ಹೋದರೂ ನಾನು ಬಿಚ್ಚುವುದಿಲ್ಲ...

ಅತ್ತೆ ಮನೆಯೊಂದನ್ನು ಬಿಟ್ಟು!