ಇಬ್ಬರು ದಾನೇಶ್ವರಿಯರು

2025ರ ಫೆಬ್ರುವರಿ 9, ಭಾನುವಾರ. ಬೆಳಿಗ್ಗೆ 7.40ಕ್ಕೆ ಠಾಣೆಗೆ ಕರೆ ಬಂತು. ಮಾತಾಡಿದವರು ಕಕ್ಕೇರಾದ ಪ್ರೌಢಶಾಲೆ ಶಿಕ್ಷಕ ಬುದ್ಧಪ್ರಿಯ. ಒಂಬತ್ತನೇ ತರಗತಿಯ ದಾನೇಶ್ವರಿಗೆ ಅಂದೇ ಮದುವೆ, ಮನೆ ಮುಂದೆ ಹಂದರ ಹಾಕಿದ್ದಾರೆ ಎಂದರು.

ಪಿಎಸ್‌ಐ ಸಾವಿತ್ರಿಬಾಯಿ ಹೆಡ್ ಕಾನ್‌ಸ್ಟೆಬಲ್ ಖಾಜಾಹುಸೇನರೊಂದಿಗೆ 8.50ಕ್ಕೆ ಅಲ್ಲಿದ್ದರು. ಹುಡುಗಿಗೆ ಅರಿಶಿನ ಹಚ್ಚಿಯಾಗಿತ್ತು. ವರ ಆಕೆಯ ಸೋದರಮಾವ ವೆಂಕಟಪ್ಪ, ವಯಸ್ಸು ಮೂವತ್ತೊಂದು.

"ನಿನಗ ಎಷ್ಟವ್ವಾ ವಯಸ್ಸು?" ಸಾವಿತ್ರಿಬಾಯಿ ಕೇಳಿದರು.

"ಹದಿನೈದ್ರಿ."

ತಂದೆ ಅಂಬ್ರಪ್ಪ ಒಳಗಿನಿಂದ ಜನನ ಪ್ರಮಾಣಪತ್ರ ತಂದ. ಮಗುವಿನ ಹೆಸರು ದಾನೇಶ್ವರಿ, ತಂದೆ ತಾಯಿಯ ಹೆಸರು ಸರಿ, ಹುಟ್ಟಿದ್ದು 12-11-2006. ಹದಿನೆಂಟು ತುಂಬಿತ್ತು.

"ಸಾಲ್ಯಾಗ ಮಾಸ್ತರು ಅಂದಾಜಿಗಿ ಬರ್ದಾರ್ರಿ ಮೇಡಂ. ಆಕಿ ಅದನ್ನ ಹೇಳಾಕತ್ಯಾಳ."

ಸಾವಿತ್ರಿಬಾಯಿಗೆ ಇದು ಸುಳ್ಳೆನಿಸಲಿಲ್ಲ. ಅವರದೇ ಜನ್ಮದಿನ ಜೂನ್ 1 ಕೂಡ ಮಾಸ್ತರರೊಬ್ಬರ ಅಂದಾಜು. ಶಾಲೆಗೆ ರಜೆ, ರಿಜಿಸ್ಟರ್ ಬೀಗದೊಳಗಿತ್ತು. ಮುದ್ರೆಯಿದ್ದ ಕಾಗದ ಕೈಯಲ್ಲಿತ್ತು. 9.30ಕ್ಕೆ ಜೀಪು ಹೊರಟಿತು. 11.10ಕ್ಕೆ ಅಕ್ಷತೆ ಬಿತ್ತು.

ಸೋಮವಾರ ಬೆಳಿಗ್ಗೆ ಬುದ್ಧಪ್ರಿಯ ದಾಖಲಾತಿ ರಿಜಿಸ್ಟರ್ ತೆರೆದು ತೋರಿಸಿದರು. ಅಲ್ಲಿ ಹುಟ್ಟಿದ ದಿನ 4-8-2009.

ಖಾಜಾಹುಸೇನ ಆ ಸಾಲನ್ನು ಎರಡು ಸಲ ಓದಿದರು. "ಅಂದಾಜಿಗಿ ಬರಿಯೋ ಮಾಸ್ತರ ಆಗಸ್ಟ್ ನಾಕು ಅಂತ ಬರೀತಾನೇನ್ರಿ ಮೇಡಂ? ನಮ್ಮೆಲ್ಲರಿಗಿ ಬರ್ದಂಗ ಜೂನ್ ಒಂದ ಬರೀತಾನ."

ಅಲ್ಲಿಂದ ಇಬ್ಬರೂ ಅಂಗನವಾಡಿಗೆ ಹೋದರು. ಕಾರ್ಯಕರ್ತೆ ಹಣಮಂತಮ್ಮ ಹಳೆಯ ಲಸಿಕೆ ಪುಸ್ತಕಗಳನ್ನು ಹುಡುಕಿ ತೆಗೆದರು. 2006ರ ದಾನೇಶ್ವರಿಯ ಸಾಲು ಒಂಬತ್ತನೇ ತಿಂಗಳಿಗೆ ನಿಂತಿತ್ತು. 2009ರ ಪುಸ್ತಕದಲ್ಲಿ ಅದೇ ತಂದೆ, ಅದೇ ತಾಯಿ, ಅದೇ ಹೆಸರು.

"ಮೊದಲ್ನೇಕಿ ಜ್ವರ ಬಂದು ಸತ್ತಳ್ರಿ," ಎಂದರು ಹಣಮಂತಮ್ಮ. "ಎರಡ್ನೇಕಿ ಹುಟ್ಟಿದಾಗ, ಆಕಿನೇ ಹೊಳ್ಳಿ ಬಂದಾಳಂತ ಅದ ಹೆಸರ ಇಟ್ರು. ನಮ್ಮ ಕಡಿ ಇಡ್ತಾರಲ್ರಿ."

ಸತ್ತ ಮಗುವಿನ ಮರಣ ನೋಂದಣಿ ಆಗಿರಲಿಲ್ಲ. ಕಾಗದದ ಮೇಲೆ ಆಕೆ ಬೆಳೆಯುತ್ತಲೇ ಹೋಗಿ, ಹದಿನೆಂಟು ತುಂಬಿ, ತಂಗಿಯ ಮದುವೆಗೆ ಒದಗಿದ್ದಳು.

ಎರಡೂ ಪುಸ್ತಕಗಳ ಜಪ್ತಿಗೆ ಪಂಚನಾಮೆ ಮುಗಿದಾಗ 1.20. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ ಎಫ್‌ಐಆರ್ ದಾಖಲಾದದ್ದು 2.45ಕ್ಕೆ. ಸಂಜೆ ನಾಲ್ಕಕ್ಕೆ ವೆಂಕಟಪ್ಪನನ್ನು ಅವನ ಮನೆಯಲ್ಲೇ ಬಂಧಿಸಿದರು. ದಾನೇಶ್ವರಿ ಹೊಸ ಸೀರೆಯಲ್ಲಿ ಬಂದು ಜೀಪು ಹತ್ತಿದಳು. ಅಳಲಿಲ್ಲ.

"ನಿನ್ನಿ ಹೇಳಿದ್ನೆಲ್ರಿ," ಎಂದಳು.

ಸಾವಿತ್ರಿಬಾಯಿ ಆಕೆಯ ಪಕ್ಕದಲ್ಲಿ ಕೂತು ರಸ್ತೆ ನೋಡಿದರು.

ಅಂಬ್ರಪ್ಪ ತಾನಾಗಿಯೇ ಠಾಣೆಗೆ ಬಂದ. 5.30ಕ್ಕೆ ಅವನ ಬಂಧನವಾಯಿತು. ಹೆಂಡತಿ ತೀರಿಕೊಂಡು ಎರಡು ವರ್ಷ. ವರ್ಷದಲ್ಲಿ ಎಂಟು ತಿಂಗಳು ಅವನು ಪುಣೆಯಲ್ಲಿ ಕಾಂಕ್ರೀಟ್ ಕೆಲಸ ಮಾಡುತ್ತಿದ್ದ. ಮಗಳಿಗೆ ಹಾಸ್ಟೆಲ್ ಸೀಟು ಕೇಳಿ ಎರಡು ಸಲ ಅರ್ಜಿ ಹಾಕಿದ್ದ. ಎರಡೂ ಸಲ ಪಟ್ಟಿಯಲ್ಲಿ ಹೆಸರಿರಲಿಲ್ಲ. ಹೋದ ದೀಪಾವಳಿಗೆ ಊರಿಗೆ ಬಂದಾಗ ಮನೆ ಬಾಗಿಲ ಚಿಲಕ ಕಿತ್ತುಬಂದಿತ್ತು. ಯಾರು ಕಿತ್ತರೆಂದು ಮಗಳು ಹೇಳಲಿಲ್ಲ. ಅವನೂ ಎರಡನೇ ಸಲ ಕೇಳಲಿಲ್ಲ. ಹೆಂಡತಿಯ ತಮ್ಮನಾದರೆ ಮನೆಯವನು ಎಂದುಕೊಂಡ.

ಹೇಳಿಕೆಗೆ ಹೆಬ್ಬೆಟ್ಟು ಒತ್ತಿದ ಮೇಲೆ, ಮಗಳನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಯಾದಗಿರಿಯ ಬಾಲಕಿಯರ ಬಾಲಮಂದಿರಕ್ಕೆ ಎಂದರು ಸಾವಿತ್ರಿಬಾಯಿ.

"ಅಲ್ಲಿ ಬಾಗಲಕ್ಕ ಒಳಗಿಂದ ಚಿಲಕ ಐತೇನ್ರಿ?"

"ಐತಿ," ಎಂದರು.

ಆ ಕಟ್ಟಡದೊಳಗೆ ಅವರು ಒಮ್ಮೆಯೂ ಹೋಗಿರಲಿಲ್ಲ.