ಆರೂವರೆಗೆ ಸ್ವೆಟರ್ ಹಾಕಿದವರು

"ಸ್ವೆಟರ್ ಹಾಕ್ಕಂಡೀಯಾ?"

ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಾನು ಗಾಡಿಯ ಕೆಳಗೆ ಮಲಗಿದ್ದೆ. ಬೆಳಗ್ಗೆ ಆರೂವರೆ. ಹರಿಹರದ ಹೈವೇ ಪಕ್ಕದ, ಬಸ್ಸು ಲಾರಿಗೆ ಬಾಡಿ ಕಟ್ಟೋ ನಮ್ಮ ಶೆಡ್ಡಿನ ಮುಂದೆ ಹೊಳೆ ಕಡೆಯ ಮಂಜು ಇನ್ನೂ ಕೂತೇ ಇತ್ತು. ನನಗೆ ಕಾಣುತ್ತಿದ್ದದ್ದು ಎರಡು ಪಾದ, ನೀಲಿ ಚಪ್ಪಲಿ, ಪಕ್ಕದಲ್ಲಿ ತೂಗಾಡುವ ಹಾಲಿನ ಚೀಲ.

"ಚಳಿ ಐತಾ ಅಲ್ಲಿ? ಸುಳ್ಳು ಹೇಳಬ್ಯಾಡ ನೋಡು." ಫೋನಿಗೆ ಒಂದು ಸಣ್ಣ ನಗು. "ಆತು. ನಾಳೆ ಇದೇ ಟೈಮಿಗೆ ಮಾಡ್ತೀನಿ."

ಅಷ್ಟು ಮೆತ್ತಗೆ ನನ್ನ ಜೊತೆ ಯಾರೂ ಮಾತಾಡಿಲ್ಲ. ಕೈಯಲ್ಲಿದ್ದ ಸ್ಪ್ಯಾನರ್ ನೆಲಕ್ಕೆ ಬಡಿದೆ.

ಪಾದಗಳು ಎರಡು ಹೆಜ್ಜೆ ಹಿಂದೆ ಹಾರಿದವು. "ಅಯ್ಯೋ! ಕೆಳಗೆ ಯಾರದೀರಿ?"

"ನಾನೇ. ನಿಮ್ಮ ಗಾಡೀನೇ ಮಾಡ್ತಾ ಇರೋದು."

"ಬೆಳಬೆಳಗ್ಗೆ ಮಿರ್ಚಿ ತಿಂದ್ರೇನ್ರಿ ಪರಶುರಾಮ್?" ಅಂತ ಅವಳು ಬಗ್ಗಿ ನೋಡಿದಳು. ತಲೆಕೆಳಗಾದ ಮುಖ, ಜಾರಿ ನೆಲ ಮುಟ್ಟಿದ ಜಡೆ, ನಗು ತಡೆದುಕೊಂಡ ತುಟಿ. ನಾನು ಬೇಕಂತಲೇ ಆಕ್ಸಲ್ ಕಡೆ ತಿರುಗಿದೆ.

ಸಿಟ್ಟು ನನಗೆ ಹೊಸದಲ್ಲ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ವಾಚು ಕಳೆದಾಗ ಎಲ್ಲರ ಮುಂದೆ "ಕದ್ದೋನು ನೀನೇ" ಅಂದ್ರು. ಒಂದು ಮಾತು ಕೇಳಲಿಲ್ಲ. ನಾನು ಕದ್ದಿರಲಿಲ್ಲ. ಬ್ಯಾಗು ಬೆಂಚಿನ ಮೇಲೇ ಬಿಟ್ಟು ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಆವತ್ತಿಂದ ಯಾರು ನಕ್ಕರೂ ಅದರ ಹಿಂದೆ ಏನೋ ಐತೆ ಅಂತಲೇ ನನಗೆ.

ಅವಳು ಸುನೀತಾ. ಶೆಡ್ಡಿನ ಹಿಂದಿನ ಓಣಿಯಲ್ಲಿ ಬ್ಲೌಸ್ ಹೊಲಿಯುವವಳು. ಅವಳ ಅಪ್ಪ ಕಲ್ಲೇಶಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ರಿಟೈರ್ ಆದವರು. ಅವ್ವ ಕೆಂಚಕ್ಕನಿಗೆ ದಮ್ಮು. ಡಿಸೆಂಬರ್ ಬಂತಂದ್ರೆ ರಾತ್ರಿಯೆಲ್ಲಾ ಕೂತೇ ಇರಬೇಕು, ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಚಳಿ ತಪ್ಪಿಸಿದ್ರೆ ಅರ್ಧ ಔಷಧ ತಪ್ತದೆ ಅಂದಿದ್ದರು ಡಾಕ್ಟ್ರು.

ಕಲ್ಲೇಶಪ್ಪ ಮೊಬೈಲಿನಲ್ಲಿ ವಿಡಿಯೋ ನೋಡಿದ್ದರು. ಹಿಮ ಬೀಳೋ ದೇಶದ ವಯಸ್ಸಾದ ಗಂಡ ಹೆಂಡತಿ, ಮಂಚ ಒಲೆ ಎಲ್ಲಾ ಇರೋ ಗಾಡಿ ಹತ್ತಿ, ಹಕ್ಕಿ ಹೋದಂಗೆ ಬಿಸಿಲಿರೋ ಊರಿಗೆ ಹೋಗಿ ಚಳಿಗಾಲ ಕಳೆದು ವಾಪಸ್ ಬರ್ತಾರಂತೆ. ಮರುವಾರವೇ ಒಂದು ಹಳೇ ಮಿನಿ ಬಸ್ ತಂದು ನಮ್ಮ ಮಾಲೀಕರು ಮಸ್ತಾನಸಾಬರ ಮುಂದೆ ನಿಲ್ಲಿಸಿದರು.

"ಸೀಟು ಕಿತ್ತಾಕ್ರಿ ಸಾಬ್ರೇ. ಮನಿ ಮಾಡ್ರಿ ಇದನ್ನ."

"ಯಾವೂರಿಗೆ ಹೊಂಟೀರಿ ಡ್ರೈವರ್ ಸಾಬ್?"

"ಅದಿನ್ನೂ ಫೈನಲ್ ಆಗಿಲ್ಲ. ರಿಪೋರ್ಟ್ ತರಿಸ್ತಾ ಇದೀನಿ."

ಯಾವ ರಿಪೋರ್ಟ್ ಅಂತ ನಾನು ಕೇಳಲಿಲ್ಲ. ಕೇಳೋ ಚಾಳಿ ನನಗಿಲ್ಲ.

*

ದಿನಾ ಆರೂವರೆಗೆ ಹಾಲು ತರೋ ನೆಪ, ಗಾಡಿ ನೋಡೋ ನೆಪ, ಆಮೇಲೆ ಫೋನು. "ಸ್ವೆಟರ್ ಹಾಕ್ಕಂಡೀಯಾ? ಮಫ್ಲರ್ರೂ ಇಲ್ಲಾ? ಶಾಣ್ಯಾ!" ಮನೆಯಲ್ಲಿ ಮಾಡಬಾರದಾ? ಮನೆಯವರಿಗೆ ಕೇಳಿಸಬಾರದ ಫೋನು ಅದು, ಇನ್ನೇನು?

ಅವಳು ಫೋನಿಟ್ಟು ಗಾಡಿ ಹತ್ತಿ ಕಿಟಕಿ ಅಳತೆ ತೆಗೆಯುವಳು. ಟೇಪಿನ ಒಂದು ತುದಿ ನನ್ನ ಕೈಗೆ ಕೊಡುವಳು. "ಗಟ್ಟಿ ಹಿಡೀರಿ. ಅದೇನು ಹಾವಲ್ಲ." ನಾನು ಟೇಪು ನೋಡುತ್ತಿದ್ದೆ. ಟೇಪಿನ ಆ ಕಡೆಯ ಬೆರಳು, ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕಿಗಳು. ಅವಳು ತಲೆ ಎತ್ತಿದರೆ ನಾನು ಚಾವಣಿ ನೋಡುತ್ತಿದ್ದೆ.

"ಚಾವಣಿ ಮ್ಯಾಲೆ ಏನೈತ್ರಿ ಅಂಥದ್ದು?"

"ವೆಲ್ಡಿಂಗ್ ಸರಿ ಕೂತಿಲ್ಲ."

"ನನಗೆ ಸರೀನೇ ಕಾಣ್ತೈತೆ." ಅಂದಾಗ ಅವಳು ಚಾವಣಿ ನೋಡುತ್ತಿರಲಿಲ್ಲ.

ಒಂದು ದಿನ ಪರದೆ ಬಟ್ಟೆಗೆ ದಾವಣಗೆರೆಗೆ ಹೋಗಬೇಕಿತ್ತು. "ಪರ್ಸು, ಬೈಕಲ್ಲಿ ಕರ್ಕೊಂಡ್ ಹೋಗೋ, ಸ್ಕ್ರೂ ಡಬ್ಬೀನೂ ತಗೊಂಡ್ ಬಾ" ಅಂದರು ಮಸ್ತಾನಸಾಬ್, ಗಡ್ಡದೊಳಗೇ ನಗುತ್ತಾ. ಮಂಡಿಪೇಟೆಯಲ್ಲಿ ಅವಳು ಹನ್ನೆರಡು ಥಾನು ಬಿಚ್ಚಿಸಿದಳು. ಒಂದೊಂದನ್ನೂ ನನ್ನ ಭುಜಕ್ಕೆ ಹಿಡಿದು ದೂರ ನಿಂತು ನೋಡಿದಳು.

"ನಾನೇನು ಕಿಟಕೀನಾ?"

"ಅಲ್ಲ ಬಿಡ್ರಿ. ಕಿಟಕಿ ಆದ್ರೆ ಒಂದೊಂದ್ಸಲ ತೆರೀತದೆ."

ಅಂಗಡಿಯವನು ನಕ್ಕ. ನನಗೂ ನಗು ಬಂತು. ಎಷ್ಟೋ ವರ್ಷದ ಮೇಲೆ ಸಿಟ್ಟಿಲ್ಲದ ಒಂದು ಗಂಟೆ. ಅಷ್ಟರಲ್ಲಿ ಬಟ್ಟೆಯ ಮೇಲಿಟ್ಟ ಅವಳ ಫೋನು ಹೊಡೆದುಕೊಂಡಿತು. ಸ್ಕ್ರೀನಿನ ಮೇಲೆ ಹೆಸರಿಲ್ಲ. ಬರೀ "ಕಾರವಾರ".

ಅವಳು ಫೋನೆತ್ತಿ ಹೊರಗೆ ಹೋದಳು. ಹೆಸರು ಬಚ್ಚಿಡೋರು ಮಾತ್ರ ಊರಿನ ಹೆಸರಲ್ಲಿ ಸೇವ್ ಮಾಡ್ತಾರೆ. ವಾಪಸ್ ಬರುವಾಗ ಬೈಕಿನ ಕನ್ನಡಿಯಲ್ಲಿ ಅವಳು ಎರಡು ಸಲ ನನ್ನ ಕಣ್ಣು ಹುಡುಕಿದಳು. ನಾನು ಕನ್ನಡಿಯನ್ನೇ ತಿರುಗಿಸಿಬಿಟ್ಟೆ.

*

ಭಾನುವಾರ ಕಲ್ಲೇಶಪ್ಪ ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು, "ಫೈನಲ್ ಆತು. ಕಾರವಾರ. ಎರಡನೇ ನಂಬರ್ ಹೊಸಪೇಟೆ. ಮೂರು ತಿಂಗಳು ಸಮುದ್ರದ ದಂಡಿ ಮ್ಯಾಲೆ."

ಸುನೀತಾ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆ ನನ್ನ ಎದೆಯೊಳಗೆ ಬಿತ್ತು.

"ಕಾರವಾರ ಆಗಲ್ಲ" ಅಂದೆ.

"ಯಾಕ ತಮ್ಮಾ?"

"ಉಪ್ಪು ಗಾಳಿ. ನೆಲದ ಶೀಟು ಮೂರು ತಿಂಗಳಿಗೆ ತೂತು ಬೀಳ್ತದೆ. ಅವ್ವಾರು ಮಲಗಿದ್ದಾಗ ಕುಸಿದ್ರೆ ನಾನು ಜವಾಬ್ದಾರನಲ್ಲ."

ಸುಳ್ಳು. ಉಪ್ಪಿನ ಗಾಳಿಗೆ ತುಕ್ಕು ಹಿಡಿಯೋದು ಹೌದು, ಆದರೆ ಅದಕ್ಕೆ ವರ್ಷಗಟ್ಟಲೆ ಬೇಕು. ಕೆಳಗೆ ಎರಡು ಕೋಟು ಜಿಂಕ್ ಪೇಂಟ್ ಹೊಡೆದರೆ ಅದೂ ಇಲ್ಲ. ಮಸ್ತಾನಸಾಬ್ ಆವತ್ತು ಶೆಡ್ಡಿನಲ್ಲಿರಲಿಲ್ಲ. ಕಲ್ಲೇಶಪ್ಪ ನನ್ನ ಮುಖ ನೋಡಿದರು. ಕೆಲಸ ಗೊತ್ತಿದ್ದವನ ಮಾತು ನಂಬೋ ಮನುಷ್ಯ.

"ಹಂಗಾದ್ರೆ ಹೊಸಪೇಟೆ. ಮೊದ್ಲು ಒಂದು ವಾರ ಟ್ರಯಲ್ ನೋಡಾಣ."

ಸುನೀತಾಳ ಮುಖ ಸಣ್ಣಗಾಯಿತು. ನೋಡಿದೆಯಾ, ನಾನು ಅಂದುಕೊಂಡಿದ್ದೇ ನಿಜ ಅಂತ ಖುಷಿಪಟ್ಟೆ. ಆ ಖುಷಿಗೆ ಬಾಯೆಲ್ಲಾ ಕಬ್ಬಿಣದ ರುಚಿ.

*

ವಾರ ಅಂತ ಹೋದವರು ನಾಲ್ಕನೇ ದಿನಕ್ಕೇ ವಾಪಸ್ ಬಂದರು. ಗಾಡಿ ನೇರ ಶೆಡ್ಡಿಗೇ ಬಂತು. ಬಾಗಿಲು ತೆಗೆದರೆ, ನಾನೇ ಕಟ್ಟಿದ ಮಂಚದ ಮೇಲೆ ಕೆಂಚಕ್ಕ ಮುಂದಕ್ಕೆ ಬಾಗಿ ಕೂತಿದ್ದಳು. ಎರಡೂ ಕೈ ಮೊಣಕಾಲಿನ ಮೇಲೆ. ಒಂದೊಂದು ಉಸಿರಿಗೂ ಕುತ್ತಿಗೆಯ ನರ ಎದ್ದು ಬೀಳುತ್ತಿತ್ತು.

"ಡ್ಯಾಮಿನ ಗಾಳಿ ತಮ್ಮಾ. ನಸುಕಿನಾಗೆ ಕೊಯ್ಯೋದು. ಎರಡು ಸಲ ಆಸ್ಪತ್ರೆಗೆ ಒಯ್ದ್ವಿ" ಅಂದರು ಕಲ್ಲೇಶಪ್ಪ.

ಕೆಂಚಕ್ಕ ನನ್ನ ನೋಡಿ ನಗಲು ನೋಡಿದಳು. "ಮಂಚ... ಚಲೋ... ಆಗೈತಪ್ಪ." ಮೂರು ಮಾತಿಗೆ ಮೂರು ಉಸಿರು.

ನಾನು ಕಲ್ಲೇಶಪ್ಪನವರ ಕಡೆ ತಿರುಗಿದೆ.

"ಯಜಮಾನ್ರೇ, ನಾನು ಸುಳ್ಳು ಹೇಳಿದ್ದೆ. ಕಾರವಾರಕ್ಕೆ ಗಾಡಿ ಹೋಗ್ತದೆ. ಜಿಂಕ್ ಹೊಡೆದ್ರೆ ತುಕ್ಕು ಹಿಡಿಯಲ್ಲ."

ಮಸ್ತಾನಸಾಬ್ ಕೈಲಿದ್ದ ಚಹಾ ಕೆಳಗಿಟ್ಟರು. "ಕ್ಯಾ ಬೋಲಾ? ಯಾಕೋ ಪರ್ಸು?"

"ಅಲ್ಲಿ ಇವರ ಹುಡುಗ ಐದಾನೆ, ಅದಕ್ಕೆ."

"ಯಾವ ಹುಡುಗ?" ಅಂದಳು ಸುನೀತಾ.

"ದಿನಾ ಆರೂವರೆಗೆ ಸ್ವೆಟರ್ ಹಾಕ್ಕಂಡೀಯಾ ಅಂತ ಕೇಳ್ತೀರಲ್ಲ, ಅವನು."

ಅವಳು ನನ್ನನ್ನೇ ನೋಡುತ್ತಾ ಫೋನು ತೆಗೆದು ಸ್ಪೀಕರ್ ಹಾಕಿದಳು. ಆ ಕಡೆ ಬಸ್ಸಿನ ಹಾರ್ನು, ಒಂದು ಮುದಿ ಗಂಟಲು. "ಬೋಲ್ ಬೇಟಿ. ಸ್ವೆಟರ್ ಇಲ್ಲವ್ವ, ಬನಿಯನ್‌ನಾಗೇ ಐದೀನಿ. ನಿಮ್ಮವ್ವ ಹೆಂಗದಾಳೆ?"

"ಆಮ್ಯಾಲೆ ಮಾಡ್ತೀನಿ ನಯೀಮ್ ಮಾಮಾ." ಫೋನಿಟ್ಟಳು.

ಕಲ್ಲೇಶಪ್ಪ ತಲೆ ತಗ್ಗಿಸಿಯೇ ಹೇಳಿದರು. ಮೊಬೈಲು ತೋರಿಸೋ ಚಳಿಯ ಡಿಗ್ರಿಯನ್ನು ಅವರು ನಂಬೋದಿಲ್ಲ. ಅವರ ಲೆಕ್ಕ ಬೇರೆ. ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಸ್ವೆಟರ್ ಹಾಕಿದ್ದರೆ ಆ ಊರು ಬ್ಯಾಡ. ಹಾಕದಿದ್ದರೆ ಕೆಂಚಕ್ಕ ಅಲ್ಲಿ ಮಲಗಬಹುದು. ಆರು ಊರಿನ ಹಳೇ ದೋಸ್ತರ ನಂಬರನ್ನು ಊರಿನ ಹೆಸರಲ್ಲೇ ಮಗಳ ಫೋನಿಗೆ ಹಾಕಿಕೊಟ್ಟಿದ್ದರು. ನಯೀಮ್ ಹದಿನಾಲ್ಕು ವರ್ಷ ಅವರ ಜೊತೆ ಕಂಡಕ್ಟರ್ ಆಗಿದ್ದವನು, ಸುನೀತಾಳನ್ನು ಎತ್ತಿ ಆಡಿಸಿದವನು, ಅದಕ್ಕೇ ಅವಳಿಗೆ ಅವನ ಜೊತೆ ಆ ಸಲಿಗೆ. ಈಗ ಕಾರವಾರದ ಸ್ಟ್ಯಾಂಡಿನಲ್ಲಿ ಚಹಾ ಅಂಗಡಿ.

"ಅವ್ವಗೆ ನಿದ್ದೆ ಹತ್ತೋದೇ ಐದರ ಮ್ಯಾಲೆ. ಅದಕ್ಕೇ ಹೊರಗೆ ಬಂದು ಮಾಡ್ತಿದ್ದೆ." ಅವಳ ದನಿ ಏರಲಿಲ್ಲ, ಅದೇ ಕೆಟ್ಟದ್ದು. "ಒಂದು ಮಾತು ಕೇಳಬಾರದಿತ್ತೇನ್ರಿ? ನಮ್ಮವ್ವನ ಉಸಿರು ಪಣಕ್ಕಿಟ್ಟು ಅನುಮಾನ ಪಡ್ತಾರೇನು?"

ಒಂದು ಮಾತು ಕೇಳಲಿಲ್ಲ. ಹತ್ತು ವರ್ಷ ನಾನು ಬೈದುಕೊಂಡು ಬಂದ ಆ ಮೇಷ್ಟ್ರು ಮಾಡಿದ್ದನ್ನೇ ಈಗ ನಾನೂ ಮಾಡಿದ್ದೆ.

*

ಮೂರು ದಿನ ಗಾಡಿಯ ಕೆಳಗೇ ಇದ್ದೆ. ತುಕ್ಕು ಕೆರೆದೆ, ಎರಡು ಕೋಟಿನ ಬದಲು ಮೂರು ಕೋಟು ಜಿಂಕ್ ಹೊಡೆದೆ. ಆರೂವರೆಗೆ ನೀಲಿ ಚಪ್ಪಲಿ ಬರಲಿಲ್ಲ. ಯಾರೂ ಹೇಳದಿದ್ದರೂ ಹಿಂದಿನ ಕಿಟಕಿಯ ಕೆಳಗೆ ಹೊಲಿಗೆ ಮಷೀನಿಗೆ ಒಂದು ಮೇಜು ಕೂರಿಸಿದೆ.

ಶುಕ್ರವಾರ ಹತ್ತು ಗಂಟೆಗೆ ಹೊರಟರು. ಅವಳು ಮೇಜಿನ ಮುಂದೆ ಕೂತು ಎರಡೂ ಕೈ ಚಾಚಿ ನೋಡಿದಳು. ಸರಿಯಾಗಿ ಮೊಣಕೈ ಮಟ್ಟಕ್ಕೇ ಇತ್ತು.

"ಅಳತೆ ನಾನು ಕೊಟ್ಟಿರಲಿಲ್ಲ."

"ನೋಡಿ ತಗಂಡೆ."

"ನೋಡೋದು ಚಲೋ ಬರ್ತದೆ ನಿಮಗೆ. ಕೇಳೋದು ಬರಲ್ಲ." ಅಷ್ಟೇ. ಪರದೆ ಎಳೆದಳು. ಮಂಡಿಪೇಟೆಯಲ್ಲಿ ನನ್ನ ಭುಜಕ್ಕೆ ಹಿಡಿದು ಆರಿಸಿದ ಅದೇ ಬಟ್ಟೆ.

ಕಲ್ಲೇಶಪ್ಪ ಕಿಟಕಿಯಿಂದ ಕೂಗಿದರು, "ತಮ್ಮಾ, ಹರಿಹರದ ರಿಪೋರ್ಟು ನಿಂದು! ಸ್ವೆಟರ್ ಬ್ಯಾಡ ಅನ್ನೋ ದಿನಕ್ಕೆ ವಾಪಸ್ ಬರ್ತೀವಿ. ಈ ಸಲ ನಿಜ ಹೇಳ್ಬೇಕು!"

ಎಂಟು ದಿನ ಯಾರ ಫೋನೂ ಇಲ್ಲ. ಒಂಬತ್ತನೇ ದಿನ, ಸರಿಯಾಗಿ ಆರೂವರೆಗೆ.

"ಸ್ವೆಟರ್ ಹಾಕ್ಕಂಡೀರಾ?"

ಅವಳೇ. ಹಿಂದೆ ಸಮುದ್ರದ ಸದ್ದು. ಇಲ್ಲ ಅಂದರೆ ಸಾಕು, ನಾಳೆ ಸಂಜೆಗೆ ಅವಳು ಈ ಓಣಿಯಲ್ಲಿರುತ್ತಾಳೆ. ಅದು ಸುಳ್ಳೂ ಅಲ್ಲ. ವೆಲ್ಡಿಂಗಿನ ಬಿಸಿಗೆ ನಾನು ಯಾವತ್ತೂ ಸ್ವೆಟರ್ ಹಾಕಿದವನೇ ಅಲ್ಲ. ಎದ್ದು ರೋಡಿಗೆ ಬಂದೆ. ಹೊಳೆ ಕಡೆಯಿಂದ ಬಿಳಿ ಮಂಜು, ಚಹಾ ಅಂಗಡಿಯ ಮುಂದೆ ಐದು ಜನ, ಐವರ ತಲೆಗೂ ಮಫ್ಲರ್.

"ನಾನು ಹಾಕ್ಕಂಡಿಲ್ಲ. ನನ್ನ ಹತ್ರ ಇಲ್ಲ. ಆದ್ರೆ ಚಳಿ ಐತೆ, ಬಾಳ. ಅವ್ವಾರನ್ನ ಕರ್ಕೊಂಡು ಬರಬ್ಯಾಡ್ರಿ."

"ಬರಬ್ಯಾಡ ಅಂತೀರಾ?"

"ನೀವು ಬರ್ಬೇಕು ಅಂತ ದಿನಾ ಅನ್ನಿಸ್ತೈತೆ. ಆದ್ರೂ ಬರಬ್ಯಾಡ್ರಿ. ಅವ್ವಾರು ಮಲಗ್ತಾರೇನು ಈಗ?"

ಆ ಕಡೆ ಗಾಡಿಯ ಬಾಗಿಲು ಮೆಲ್ಲಗೆ ತೆಗೆದು ಹಾಕಿದ ಸದ್ದು.

"ಮಲಗ್ಯಾಳೆ. ಗೊರಕೆ ಹೊಡೀತಾಳೆ." ಆಮೇಲೆ, ಇನ್ನೂ ಮೆಲ್ಲಗೆ, "ಕೇಳೋದು ಕಲ್ತ್ರಿ ನೋಡ್ರಿ. ಎದೆ ಅಳತೆ ಎಷ್ಟು ಹೇಳ್ರಿ."

"ಯಾತಕ್ಕೆ?"

"ಸ್ವೆಟರ್ ಇಲ್ಲ ಅಂದ್ರಲ್ಲ. ಉಲ್ಲನ್ ದಾರ ತಗಂಡೀನಿ. ನೋಡೇ ಅಳತೆ ತಗಳ್ಳೋಕೆ ನನಗೆ ನಿಮ್ಮಂಗೆ ಬರಲ್ಲ. ನಾನು ಕೇಳೇ ತಗಳ್ಳೋದು."

ಶೆಡ್ಡಿನಲ್ಲಿದ್ದದ್ದು ಕಬ್ಬಿಣ ಅಳೆಯೋ ಟೇಪು. ಎದೆಗೆ ಸುತ್ತಿಕೊಂಡರೆ ಅದು ಬಗ್ಗಲಿಲ್ಲ, ಚುಚ್ಚಿತು. ಮಸ್ತಾನಸಾಬ್ ನೋಡಿ ಒಂದು ದಾರ ತಂದುಕೊಟ್ಟರು.

ಅದನ್ನು ಜೇಬಿಗೆ ಹಾಕಿಕೊಂಡು, "ಅಳತೆ ಇವತ್ತು ಸಿಗ್ತಾ ಇಲ್ರಿ" ಅಂದೆ ಫೋನಿಗೆ. "ನಾಳೆ ಹೇಳ್ಲಾ?"

ಅವಳು ನಕ್ಕಳು. ಆ ನಗುವಿನ ಹಿಂದೆ ಏನೈತೆ ಅಂತ ನಾನು ಹುಡುಕಲಿಲ್ಲ.

"ಆತು. ನಾಳೆ ಇದೇ ಟೈಮಿಗೆ ಮಾಡ್ತೀನಿ."